ಸ್ವಿಚ್ ಆಫ್ ಮಾಡಿದ್ದು ಯಾರು?

ಹಾಸ್ಟೆಲ್ಲಿನಲ್ಲಿ ನೆಟ್ ಹೋದರೆ ಮೊದಲು ಬೈಸಿಕೊಳ್ಳೋದು ನಾವು ಮೂವರು. ಕಾರಣ, ಕಳೆದ ಸೆಮಿಸ್ಟರ್‌ನಲ್ಲಿ ಮಿನಿ ಪ್ರಾಜೆಕ್ಟ್ ಅಂತ ಹಾಸ್ಟೆಲ್ಲಿನ ನೆಟ್‌ವರ್ಕ್ ಸ್ವಿಚ್‌ಗಳ ಮೇಲೆ ಕಣ್ಣಿಡುವ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೆವು. ಪ್ರತಿ 5 ನಿಮಿಷಕ್ಕೊಮ್ಮೆ ಅದು ಎಲ್ಲಾ ಸ್ವಿಚ್‌ಗಳನ್ನು ವಿಚಾರಿಸುತ್ತೆ: ಎಷ್ಟು ಡೇಟಾ ಹೋಯ್ತು, ಯಾವ ಪೋರ್ಟ್ ಡೌನ್ ಆಗಿದೆ, ಆನ್ ಆಗಿ ಎಷ್ಟು ಹೊತ್ತಾಯ್ತು. ಏನಾದರೂ ಎಡವಟ್ಟಾದರೆ ನಮ್ಮ ಫೋನಿಗೆ ಮೆಸೇಜ್ ಬರುತ್ತೆ.

ಹೊಸ ಸ್ವಿಚ್‌ಗಳು ಒಳ್ಳೇ ಮಕ್ಕಳ ಥರ ಉತ್ತರ ಕೊಟ್ಟವು. ತಲೆನೋವು ಇದ್ದಿದ್ದು ಹಳೇ ಬ್ಲಾಕಿನ ಎರಡನೇ ಮಹಡಿಯಲ್ಲಿರೋ ಸ್ವಿಚ್‌ದು. ಎಸ್‌ಎನ್‌ಎಂಪಿ ವರ್ಷನ್ 2ರಲ್ಲಿ ಕೇಳಿದರೆ ಬರೀ ಟೈಮ್‌ಔಟ್. ಎರಡು ರಾತ್ರಿ ಕೇಬಲ್, ಪಾಸ್‌ವರ್ಡ್, ಫೈರ್‌ವಾಲ್ ಎಲ್ಲಾ ತಡಕಾಡಿದ ಮೇಲೆ ಗೊತ್ತಾಯ್ತು, ಅದಕ್ಕೆ ಬರೋದು ವರ್ಷನ್ 1 ಮಾತ್ರ. ಹಾಗೇ ಕೇಳಿದೆವು, ತಕ್ಷಣ ಉತ್ತರ ಬಂತು.

ಆಮೇಲೆ ಗ್ರಾಫ್‌ನಲ್ಲಿ ಡೇಟಾ ಮೈನಸ್‌ಗೆ ಹೋಗೋಕೆ ಶುರುವಾಯ್ತು. ಬೈಟ್‌ಗಳನ್ನು ಎಣಿಸೋಕೆ ಆ ಸ್ವಿಚ್ ಹತ್ತಿರ ಇರೋದು 32 ಬಿಟ್ ಕೌಂಟರ್. 4294967295ರ ತನಕ ಎಣಿಸಿ ಮತ್ತೆ ಸೊನ್ನೆಗೆ ಬರುತ್ತೆ. 100 ಎಂಬಿಪಿಎಸ್ ಪೋರ್ಟ್ ಪೂರ್ತಿ ಓಡಿದರೆ 6 ನಿಮಿಷದೊಳಗೆ ಒಂದು ಸುತ್ತು ಮುಗೀತು. ವರ್ಷನ್ 1ರಲ್ಲಿ 64 ಬಿಟ್ ಕೌಂಟರ್ ಇಲ್ಲವೇ ಇಲ್ಲ. ನಮ್ಮಪ್ಪಂದಿರ ಹಳೇ ಸ್ಕೂಟರಿನ ಮೀಟರ್ 99999 ಆದ ಮೇಲೆ 00000 ಆಗುತ್ತಲ್ಲ, ಹಾಗೆ. ಗಾಡಿ ಹೊಸದಾಯ್ತು ಅಂತ ಯಾರೂ ಅಂದ್ಕೊಳ್ಳಲ್ಲ. 'ಪಾಪ, ಹಳೇದು' ಅಂತ ಹೇಳಿ, ಮೈನಸ್ ಬಂದರೆ ಒಂದು ಸುತ್ತು ಕೂಡಿಸು ಎಂದು ಒಂದು ಸಾಲು ಬರೆದು ಸರಿ ಮಾಡಿದೆವು.

ಇದೆಲ್ಲಾ ಆಗಿ ಒಂದು ತಿಂಗಳಿಗೆ, ಇಂಟರ್ನಲ್ಸ್ ಹಿಂದಿನ ದಿನ ಮಧ್ಯಾಹ್ನ, ಮೆಸೇಜ್ ಬಂತು: ಹಳೇ ಬ್ಲಾಕಿನ ಸ್ವಿಚ್ ರೀಸ್ಟಾರ್ಟ್ ಆಗಿದೆ. ಓಡಿ ಹೋಗಿ ನೋಡಿದರೆ ಸ್ವಿಚ್ ಇರೋ ಪ್ಲಗ್ ಬೋರ್ಡಿನಲ್ಲೇ ಹಾಸ್ಟೆಲ್ ಎಲೆಕ್ಟ್ರಿಷಿಯನ್ ಅಣ್ಣನ ಫೋನ್ ಚಾರ್ಜ್ ಆಗ್ತಿತ್ತು. ಇನ್ನೇನು ಬೇಕು ಸಾಕ್ಷಿ? ನೇರ ವಾರ್ಡನ್ ಹತ್ತಿರ ಹೋದೆವು. ಅವರು ನಮ್ಮೆದುರಿಗೇ ಅಣ್ಣನನ್ನು ಕರೆಸಿದರು.

"ಸರ್, ನಾನು ಪ್ಲಗ್ ಮುಟ್ಟಿಲ್ಲ" ಅಂದರು ಅಣ್ಣ.

ನಾವು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆವು. "ಕಂಪ್ಯೂಟರ್ ಸುಳ್ಳು ಹೇಳುತ್ತೇನ್ರೀ?" ಅಂತ ವಾರ್ಡನ್ ಕೇಳಿದರು. ಅಣ್ಣ ತಲೆ ತಗ್ಗಿಸಿ ನಿಂತರು. ನಮಗೆ ಆಗ ಹೆಮ್ಮೆನೇ ಆಗಿತ್ತು, ಅದನ್ನು ಮುಚ್ಚಿಡಲ್ಲ.

ರಾತ್ರಿ ಊಟ ಆದ ಮೇಲೆ ಸುಮ್ಮನೆ ಲಾಗ್ ತೆರೆದೆವು. ಸ್ವಿಚ್ ಆನ್ ಆಗಿ ಎಷ್ಟು ಹೊತ್ತಾಯ್ತು ಅನ್ನೋದನ್ನು ಎಸ್‌ಎನ್‌ಎಂಪಿ ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತೆ. ಮೆಸೇಜ್ ಬರೋಕೆ ಮುಂಚಿನ ಸಂಖ್ಯೆ 4294951200. ನಂತರದ್ದು 13904. ನಮ್ಮ ಸ್ಕ್ರಿಪ್ಟಿಗೆ ಗೊತ್ತಿದ್ದಿದ್ದು ಇಷ್ಟೇ: ಸಂಖ್ಯೆ ಕಮ್ಮಿಯಾದರೆ ರೀಸ್ಟಾರ್ಟ್.

ಆದರೆ ಇದೂ 32 ಬಿಟ್ ಕೌಂಟರೇ! ಸುತ್ತು ಮುಗಿಯೋಕೆ ಬಾಕಿ ಇದ್ದಿದ್ದು 16096. ಅದಕ್ಕೆ 13904 ಕೂಡಿಸಿದರೆ 30000, ಅಂದರೆ ಸರಿಯಾಗಿ 5 ನಿಮಿಷ. ಒಂದು ಸೆಕೆಂಡೂ ಹೆಚ್ಚುಕಮ್ಮಿ ಇಲ್ಲ. ಪೋರ್ಟ್‌ಗಳ ಬೈಟ್ ಲೆಕ್ಕ ನೋಡಿದೆವು, ಒಂದೂ ಸೊನ್ನೆಯಾಗಿರಲಿಲ್ಲ. ಸ್ವಿಚ್ ಆಫ್ ಆಗಿಯೇ ಇರಲಿಲ್ಲ.

ಆಮೇಲೆ ಇನ್ನೊಂದು ಲೆಕ್ಕ ಮಾಡಿದೆವು. ಆ ಕೌಂಟರ್ ಒಂದು ಸುತ್ತು ಬರೋಕೆ 497 ದಿನ ಬೇಕು. ಹಳೇ ಬ್ಲಾಕಿನಲ್ಲಿ ದಿನಕ್ಕೆ ಒಂದು ಸಲವಾದರೂ ಕರೆಂಟ್ ಹೋಗುತ್ತೆ. ಆ ಸ್ವಿಚ್ ಇರೋದು ಇನ್ವರ್ಟರ್ ಮೇಲೆ, ಅದರ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ನೋಡಿಕೊಳ್ಳೋದು ಅದೇ ಅಣ್ಣ. ನಾವು ಕಾಲೇಜಿಗೆ ಸೇರುವ ಮುಂಚಿನಿಂದ ಒಂದು ಕ್ಷಣವೂ ಆರದ ಹಾಗೆ ಅದನ್ನು ಉಳಿಸಿದವರನ್ನೇ ನಾವು ಬೈಸಿದ್ದೆವು.

ಸ್ಕ್ರಿಪ್ಟ್ ಸರಿ ಮಾಡೋಕೆ ಹತ್ತು ನಿಮಿಷ ಸಾಕಾಯ್ತು. ಸಂಖ್ಯೆ ಕಮ್ಮಿಯಾದರೆ ಮೊದಲು ಒಂದು ಸುತ್ತು ಕೂಡಿಸಿ ವ್ಯತ್ಯಾಸ ನೋಡು. ಅದು ನಿಜವಾಗಿ ಕಳೆದ ಸಮಯಕ್ಕೆ ಹೊಂದಿದರೆ ಸುತ್ತು, ಹೊಂದದಿದ್ದರೆ ರೀಸ್ಟಾರ್ಟ್. ನೀವು ಯಾರಾದರೂ ಇಂಥ ಸ್ಕ್ರಿಪ್ಟ್ ಬರೆದಿದ್ದರೆ ಇವತ್ತೇ ನೋಡಿಕೊಳ್ಳಿ. ನಮ್ಮನ್ನು ಕಾಡಿದ್ದು ಬೇರೆ. ಬೈಟ್ ಲೆಕ್ಕ ಮೈನಸ್ ಬಂದಾಗ ಸ್ವಿಚ್ ಬಗ್ಗೆ 'ಪಾಪ' ಅಂದಿದ್ದೆವು, ಕಾರಣ ಹುಡುಕಿದ್ದೆವು. ಎದುರಿಗೆ ನಿಂತ ಮನುಷ್ಯ "ಮುಟ್ಟಿಲ್ಲ" ಅಂದಾಗ ಲಾಗ್‌ನ ಎರಡು ಸಾಲು ಕೂಡ ನೋಡಲಿಲ್ಲ.

ಮಾರನೇ ದಿನ ಪರೀಕ್ಷೆ ಮುಗಿಸಿ ಅಣ್ಣನ ಹತ್ತಿರ ಹೋದೆವು. ಬೈನರಿ, ಓವರ್‌ಫ್ಲೋ ಅಂತ ಏನೇನೋ ತೊದಲಿ ಕೊನೆಗೆ ಸ್ಕೂಟರ್ ಮೀಟರಿನ ಉದಾಹರಣೆ ಕೊಟ್ಟೆವು.

"ಅಂದ್ರೆ ಮೀಟರ್ ಸುತ್ತು ಹೊಡೀತು ಅನ್ನಿ" ಅಂದರು. ನಾವು ಎರಡು ರಾತ್ರಿ ಓದಿದ್ದು ಅವರಿಗೆ ಒಂದು ವಾಕ್ಯ! "ಸರಿ, ಇದನ್ನ ಒಂದು ಹಾಳೇಲಿ ಬರ್ಕೊಡಿ. ಇಂಗ್ಲಿಷ್ ಬೇಡ, ನಾನೂ ಓದ್ಬೇಕು. ವಾರ್ಡನ್ ಸಾರ್‌ಗೆ ತೋರಿಸ್ತೀನಿ."

ನಾವು ಮೂವರೂ ಇಂಗ್ಲಿಷ್ ಮೀಡಿಯಂ. ಹತ್ತನೇ ಕ್ಲಾಸಿನ ನಂತರ ಕನ್ನಡದಲ್ಲಿ ಒಂದು ಪುಟ ಬರೆದಿರಲಿಲ್ಲ. ಒತ್ತಕ್ಷರ ಕೇಳ್ಕೊಂಡು, ಮೂರು ಹಾಳೆ ಹರಿದು, ನಾಲ್ಕನೆಯದಕ್ಕೆ ಮೂವರೂ ಸಹಿ ಹಾಕಿ, ವಾರ್ಡನ್ ಹತ್ತಿರ ಅವರ ಜೊತೆಗೇ ಹೋದೆವು. ಈ ಲೇಖನ ಹುಟ್ಟಿದ್ದು ಆ ಹಾಳೆಯಿಂದ.

ಈಗ ಅಣ್ಣ ಬ್ಯಾಟರಿ ಕೆಲಸ ಮಾಡೋಕೆ ಮುಂಚೆ ನಮಗೆ ಫೋನ್ ಮಾಡ್ತಾರೆ: "ಏನ್ರಪ್ಪಾ, ಹತ್ತು ನಿಮಿಷ ಆಫ್ ಮಾಡ್ತಿದೀನಿ, ನಿಮ್ ಕಂಪ್ಯೂಟರ್‌ಗೆ ಹೇಳ್ಬಿಡಿ." ಅದು ತಮಾಷೆಗೋ, ಇನ್ನೂ ಬೇಜಾರಿದೆಯೋ ನಮಗೆ ಗೊತ್ತಾಗಿಲ್ಲ. "ಸರಿ ಅಣ್ಣ" ಅಂತೀವಿ.