ಸಕ್ಕರೆ ಕಾಯಿಲೆಯೂ ಜುಲೈ 26ರ ಮಳೆಯೂ

ಮುಂಬಯಿ ಕಡೆಯವರಿಗೆ ಜುಲೈ 26 ಅಂದರೆ ಸಾಕು, 2005 ಅಂತ ಬೇರೆ ಹೇಳಬೇಕಾಗಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ! ಲೋಕಲ್ ನಿಂತಿತು, ಜನ ನೀರಲ್ಲಿ ನಡೆದೇ ಮನೆ ಸೇರಿದರು. ಆ ದಿನದ ಕಥೆ ಎಲ್ಲರ ಹತ್ತಿರವೂ ಇದೆ. ಆದರೆ ಸಕ್ಕರೆ ಕಾಯಿಲೆಯವರು ಏನು ಮಾಡಿದರು ಅಂತ ಕೇಳಿದವರು ಕಡಿಮೆ.

ವಾಗ್ಳೆ ಎಸ್ಟೇಟ್‌ನ ನಮ್ಮ ಚಾಳಿನಲ್ಲಿದ್ದ ಭಾವ ಅವತ್ತು ವಿಕ್ರೋಲಿಯಿಂದ ನಡೆದು ಬಂದಿದ್ದರು. ಬೆಳಿಗ್ಗೆ ಶುಗರ್ ಮಾತ್ರೆ ನುಂಗಿದ್ದರು, ಮಧ್ಯಾಹ್ನ ಊಟವಿಲ್ಲ. ರಾತ್ರಿ ಬಾಗಿಲಿಗೆ ಬಂದಾಗ ಮೈಯೆಲ್ಲ ನಡುಕ, ಬೆವರು, ಮಾತು ತೊದಲು. ಪಕ್ಕದ ಮನೆಯವರು ಚಳಿಗೆ ಅಂತ ಕಂಬಳಿ ತಂದರು. ಅಕ್ಕ ಮಾತ್ರ, "ಚಳಿಯಲ್ಲ ಮಾರಾಯ್ರೆ, ಶುಗರ್ ಇಳಿದಿದೆ" ಅಂತ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದರು. ಕಾಲು ಗಂಟೆಯಲ್ಲಿ ಭಾವ ಸರಿಯಾಗಿ ಮಾತಾಡಿದರು. ಆಮೇಲೆ ಗಂಜಿ ಉಣ್ಣಿಸಿದರು. ಗ್ಲಿಮೆಪಿರೈಡ್‌ನಂಥ ಮಾತ್ರೆಯ ಕೆಲಸ ಬೇಗ ಮುಗಿಯುವುದಿಲ್ಲ, ಊಟ ಸಿಗದಿದ್ದರೆ ಶುಗರ್ ಮತ್ತೆ ಇಳಿಯುತ್ತದೆ.

ಮಾರನೇ ದಿನದಿಂದ ಕಷ್ಟ ಉಲ್ಟಾ. ನೆರವಿಗೆ ಬರುವುದು ಬಿಸ್ಕೀಟು, ಪಾವ್, ಬಾಳೆಹಣ್ಣು. ಜೊತೆಗೆ ಗಾಬರಿ, ನಿದ್ದೆಗೇಡು. ಗಾಬರಿಯಲ್ಲಿ ದೇಹ ಸ್ರವಿಸುವ ಹಾರ್ಮೋನುಗಳೇ ಶುಗರ್ ಏರಿಸುತ್ತವೆ. 1995ರಲ್ಲಿ ಜಪಾನಿನ ಕೋಬೆ ಭೂಕಂಪದ ನಂತರ ಅಲ್ಲಿನ ವೈದ್ಯರೂ ಇದನ್ನು ಗಮನಿಸಿದ್ದರು.

ಇನ್ನು ಇನ್ಸುಲಿನ್. ಕರೆಂಟ್ ಹೋಯಿತೆಂದು ಎಸೆಯಬೇಡಿ. ತೆರೆದ ಬಾಟ್ಲಿ ತಂಪು ಜಾಗದಲ್ಲಿ ಸುಮಾರು 28 ದಿನ ತಡೆಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ಚಿಕ್ಕ ಪಾತ್ರೆಯಲ್ಲಿಟ್ಟರೆ ಸಾಕು. ಮಂಜುಗಡ್ಡೆಗೆ ತಾಗಿಸಬಾರದು, ಹೆಪ್ಪುಗಟ್ಟಿದರೆ ಅದು ಕೆಟ್ಟಂತೆ. ಟೈಪ್ 1 ಇರುವ ಮಕ್ಕಳಿಗೆ ಊಟವಿಲ್ಲ ಅಂತ ಇನ್ಸುಲಿನ್ ಪೂರ್ತಿ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಡೋಸ್ ಎಷ್ಟು ಇಳಿಸಬೇಕು ಅಂತ ಡಾಕ್ಟರನ್ನು ಮಳೆಗಾಲಕ್ಕೆ ಮೊದಲೇ ಕೇಳಿಟ್ಟುಕೊಳ್ಳಿ.

ಕಾಲನ್ನಂತೂ ಮರೆಯಬೇಡಿ. ಶುಗರ್‌ನವರ ಪಾದಕ್ಕೆ ಮೊಳೆ ಚುಚ್ಚಿದರೂ ಗೊತ್ತಾಗದಿರಬಹುದು. ಗಾಯ ಇದ್ದರೆ ನೆರೆನೀರಿನಿಂದ ಇಲಿಜ್ವರ ಬರಬಹುದು, 2005ರಲ್ಲಿ ನೀರಿಳಿದ ಮೇಲೆ ಇಲಿಜ್ವರ ಹಬ್ಬಿತ್ತಲ್ಲ.

ಭಾವ ಈಗ ಊರಲ್ಲಿದ್ದಾರೆ. ಆದರೆ ನಮ್ಮವರಲ್ಲಿ ಹೋಟೆಲು, ಕಾರ್ಖಾನೆ, ಲೋಕಲ್ ಅಂತ ಹೊತ್ತುಹೊತ್ತಿಗೆ ಉಣ್ಣದೆ ಓಡಾಡುವವರು ಇನ್ನೂ ಎಷ್ಟೋ ಮಂದಿ. ಜೂನ್ ಬಂದರೆ ಕೊಡೆ ತೆಗೆಯುತ್ತೀರಲ್ಲ, ಜೊತೆಗೆ ಚೀಲದಲ್ಲಿ ಒಂದು ವಾರದ ಮಾತ್ರೆ, ಡಾಕ್ಟರ ಚೀಟಿಯ ಜೆರಾಕ್ಸ್, ಒಂದು ಪೊಟ್ಟಣ ಸಕ್ಕರೆ ಹಾಕಿಕೊಳ್ಳಿ. ಸಕ್ಕರೆ ಯಾಕೆ ಅಂತ ಮನೆಯವರಿಗೂ ಹೇಳಿರಿ.