ಮನೆ ಮುಂದಿನ ರಸ್ತೆ ಹಿಡಿದು ಬೀದರಿಗೆ

ಮೂಡಬಿದಿರೆಯಲ್ಲಿ ನಮ್ಮ ಮನೆಯ ಮುಂದಿನ ರಸ್ತೆಗೆ ಹಿಂದೆ ರಾಷ್ಟ್ರೀಯ ಹೆದ್ದಾರಿ 13 ಎಂದು ಹೆಸರು. ಮಂಗಳೂರಿನಿಂದ ಹೊರಟು ಕಾರ್ಕಳ, ಶೃಂಗೇರಿ, ಶಿವಮೊಗ್ಗ, ಚಿತ್ರದುರ್ಗ, ಹೊಸಪೇಟೆ, ಬಿಜಾಪುರ ದಾಟಿ ಸೋಲಾಪುರ ಸೇರುತ್ತಿದ್ದ ರಸ್ತೆ ಅದು. 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾದಾಗ ನಮ್ಮ ಪಾಲಿಗೆ 169 ಬಂತು. ಅಬ್ಬ ಮಾತ್ರ ಇಂದಿಗೂ 'ಹದಿಮೂರು' ಎಂದೇ ಹೇಳುತ್ತಾರೆ. "ಇದೇ ರಸ್ತೆ ಹಿಡಿದು ಹೋದರೆ ಬಿಜಾಪುರ. ಅಲ್ಲಿಂದ ಬೀದರಿಗೆ ಎಷ್ಟು ದೂರ!" ಎಂದು ಅಂಗಳದಲ್ಲಿ ಕುಳಿತು ಅವರು ಹೇಳುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ.

ಬೀದರಿನಲ್ಲಿರುವುದು ಮಹಮೂದ್ ಗವಾನರ ಮದ್ರಸ. ನಲವತ್ತು ವರ್ಷ ಮದ್ರಸದಲ್ಲಿ ಕಲಿಸಿದ ಅಬ್ಬನಿಗೆ ಅದನ್ನೊಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ. ಈಗ ಅವರಿಗೆ ಎಪ್ಪತ್ತೆಂಟು. ಕಳೆದ ದಸರಾ ರಜೆಯಲ್ಲಿ ತಮ್ಮ ವ್ಯಾನ್ ತಂದು ನಿಲ್ಲಿಸಿ, "ಹೊರಡಿ" ಎಂದ. ಅಬ್ಬ, ಉಮ್ಮ, ನಾನು, ನನ್ನ ಮಗಳು ಹೊರಟೆವು.

ಇಲ್ಲೊಂದು ಮಾತು ಹೇಳಬೇಕು. ನನ್ನನ್ನು ಏಳನೇ ತರಗತಿಗೆ ಶಾಲೆ ಬಿಡಿಸಿದವರು ಅಬ್ಬನೇ. "ಹೆಣ್ಣು ಮಗುವಿಗೆ ದೀನಿನ ವಿದ್ಯೆ ಸಾಕು" ಎಂದು ಅರಬಿಕ್ ಕಾಲೇಜಿಗೆ ಸೇರಿಸಿದರು. ಅದಕ್ಕಾಗಿ ನಾನು ಅವರಿಗೆ ಋಣಿ, ಬೇಸರವೇನೂ ಇಲ್ಲ ಎಂದು ಎಲ್ಲರೆದುರು ಹೇಳುತ್ತಿದ್ದೆ. ಅದು ಅರ್ಧ ನಿಜ. ಮದುವೆಯಾದ ಮೇಲೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ, ಪಿಯುಸಿ ಕಟ್ಟಿದೆ. ಅಂಚೆಯ ಮೂಲಕ ಬಿ.ಎ. ಮುಗಿಸಿದೆ. ಪಾಸಾದ ಸುದ್ದಿ ಉಮ್ಮನಿಗೆ ಹೇಳಿದೆ, ಅಬ್ಬನಿಗೆ ಹೇಳಲಿಲ್ಲ. ಅವರಿಗೆ ಗೊತ್ತಾಗಿತ್ತು, ಆದರೆ ಅವರೂ ಕೇಳಲಿಲ್ಲ. ಹೀಗೆ ಹದಿನೈದು ವರ್ಷ ಕಳೆಯಿತು.

ಈಗ ಮಗಳಿಗೆ ಮೈಸೂರಿನಲ್ಲಿ ಎಂ.ಎಸ್ಸಿ. ಗಣಿತಕ್ಕೆ ಸೀಟು ಸಿಕ್ಕಿತ್ತು. ಫೀಸು ಕಟ್ಟಲು ಹತ್ತು ದಿನ ಬಾಕಿ. ಅವಳ ತಂದೆ ಸೌದಿಯಿಂದ ಫೋನಿನಲ್ಲಿ ಒಪ್ಪಿದ್ದರು, ಆದರೆ "ನಿನ್ನ ಅಬ್ಬನ ಒಪ್ಪಿಗೆಯಿಲ್ಲದೆ ಬೇಡ" ಎಂದಿದ್ದರು. ಅದನ್ನು ಅಬ್ಬನಿಗೆ ಹೇಳುವ ಕೆಲಸ ನನ್ನದು. ಶೃಂಗೇರಿಯಲ್ಲಿ ಹೇಳೋಣ, ತೀರ್ಥಹಳ್ಳಿಯಲ್ಲಿ ಹೇಳೋಣ ಎನ್ನುತ್ತಲೇ ಚಿತ್ರದುರ್ಗ ದಾಟಿತು.

ಹೊಸಪೇಟೆಯಲ್ಲಿ ರಾತ್ರಿ ತಂಗಿ, ತುಂಗಭದ್ರೆಯ ಜಲಾಶಯವನ್ನು ದೂರದಿಂದಲೇ ನೋಡಿ ಮುಂದೆ ಹೋದೆವು. ಇಳಕಲ್ ಹತ್ತಿರ ಟಯರ್ ಪಂಕ್ಚರ್. ಕರಾವಳಿಯ ನಮಗೆ ಆ ಬಿಸಿಲು ಹೊಸದು. ಕಣ್ಣು ಹಾಯಿಸಿದಷ್ಟೂ ಬಯಲು, ನೆರಳಿಗೆ ಒಂದು ಬೇವಿನ ಮರ. ಝುಹರ್ ಸಮಯ ಮೀರುತ್ತಿತ್ತು. ಪ್ರಯಾಣದಲ್ಲಿ ಗಂಡಸರು ಎಲ್ಲಾದರೂ ಮಸೀದಿ ಹುಡುಕಿಕೊಳ್ಳುತ್ತಾರೆ. ನಮ್ಮಂಥವರಿಗೆ ವುಝೂ ಮಾಡಲು ಒಂದು ಮರೆ ಸಿಗುವುದೇ ಕಷ್ಟ, ಅದು ನಿಮಗೂ ಗೊತ್ತು.

ರಸ್ತೆ ಬದಿಯ ಮನೆಯಿಂದ ಹಣೆತುಂಬ ವಿಭೂತಿ ಹಚ್ಚಿದ ಹೆಂಗಸೊಬ್ಬರು ಹೊರಬಂದರು. "ಬಿಸಲಾಗ ಯಾಕ ನಿಂತೀರಿ? ಒಳಗ ಬರ್ರಿ" ಎಂದರು. ನಾನು ಹಿಂಜರಿಯುತ್ತಾ ನಮಾಝಿನ ವಿಷಯ ಹೇಳಿದೆ. ಅವರು ಹಿತ್ತಲಲ್ಲಿ ಬಿಂದಿಗೆ ತುಂಬ ನೀರಿಟ್ಟು, ಒಳಕೋಣೆ ಗುಡಿಸಿ ಕೊಟ್ಟರು. ಆ ನೀರನ್ನು ಎಷ್ಟು ದೂರದಿಂದ ಹೊತ್ತು ತಂದಿದ್ದರೋ ಎಂದು ಉಮ್ಮ ಚೊಂಬಿನಲ್ಲಿ ಅಳೆದಳೆದು ವುಝೂ ಮಾಡಿದರು. ಝುಹರ್, ಅಸರ್ ಎರಡನ್ನೂ ಜೊತೆಯಾಗಿ ಎರಡೆರಡು ರಕಅತ್ ನಿರ್ವಹಿಸಿದೆವು.

ನಡುಮನೆಯಲ್ಲಿ ಮಗ್ಗ. ಕಾಲುಗಳನ್ನು ಗುಂಡಿಗೆ ಇಳಿಸಿ ಕುಳಿತು ನೇಯುವಂಥದ್ದು. ಇಳಕಲ್ ಸೀರೆಯ ಒಡಲಿನ ನೂಲು ಬೇರೆ, ಸೆರಗಿನ ರೇಷ್ಮೆ ಬೇರೆ. ಎರಡರ ಹಾಸುಗಳನ್ನು ಎಳೆ ಎಳೆಗೂ ಕೊಂಡಿ ಹಾಕಿ ಸೇರಿಸಬೇಕಂತೆ. ನನ್ನ ಮಗಳು ಎಳೆಗಳ ಲೆಕ್ಕ ಕೇಳುತ್ತಾ ಅಲ್ಲೇ ಕುಳಿತುಬಿಟ್ಟಳು.

"ನನ್ನ ಮಗಳು ಡಿಗ್ರಿ ಓದಾಕತ್ತಾಳ್ರಿ. ಮಗ್ಗದಾಗ ನಾ ಒಬ್ಬಾಕಿ ಕುಂತ್ರ ಸಾಕು, ಆಕಿ ಕುಂದ್ರೂದು ಬ್ಯಾಡ" ಎಂದರು ಆ ತಾಯಿ. ಬಳಿಕ ಅಬ್ಬನ ಕಡೆ ತಿರುಗಿ, "ಅಜ್ಜಾರ, ನಿಮ್ಮ ಮಗಳು ಟೀಚರ್ ಅಂತಲ್ರಿ. ನೀವ ಓದಿಸಿದ್ರೇನು?" ಎಂದು ಕೇಳಿದರು.

ಅಬ್ಬ ಮಜ್ಜಿಗೆಯ ಲೋಟ ಕೈಯಲ್ಲಿ ಹಿಡಿದವರು ಹಾಗೆಯೇ ಇದ್ದರು. ಉಮ್ಮ ನನ್ನನ್ನು ನೋಡಿದರು. ಅಷ್ಟರಲ್ಲಿ ತಮ್ಮ ಹಾರ್ನ್ ಹೊಡೆದ.

2014ರಿಂದ ವಿಜಯಪುರವಾಗಿರುವ ಬಿಜಾಪುರ ತಲುಪಿದಾಗ ಸಂಜೆ. ಮರುದಿನ ಬೆಳಿಗ್ಗೆ ಗೋಲ್ ಗುಂಬಜ್. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಅದು. ಒಳಗೆ ಒಂದೇ ಒಂದು ಕಂಬವಿಲ್ಲ, ಗುಮ್ಮಟದ ಹೊರ ಅಡ್ಡಳತೆಯೇ 44 ಮೀಟರ್. ಅಬ್ಬನಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ನಾನೂ ಮಗಳೂ ಹತ್ತಿದೆವು. ಪಿಸುಮಾತಿನ ಗ್ಯಾಲರಿಯೆಂದು ಹೆಸರು, ಆದರೆ ಅಲ್ಲಿ ಪಿಸುಗುಟ್ಟುವವರೇ ಇಲ್ಲ, ಎಲ್ಲರಿಗೂ ಕೂಗುವ ಚಪಲ. ಶಾಲಾ ಮಕ್ಕಳ ಗುಂಪು ಇಳಿದು ಹೋದ ಮೇಲೆ ಒಂದು ನಿಮಿಷ ಮೌನ ಸಿಕ್ಕಿತು. ಎದುರು ಬದಿಗೆ ಹೋಗಿದ್ದ ಮಗಳ ದನಿ ನನ್ನ ಕಿವಿಯ ಹತ್ತಿರವೇ ಕೇಳಿಸಿತು: "ಉಮ್ಮಾ, ಅಜ್ಜನಿಗೆ ಹೇಳಿದ್ರಾ?"

ಕಲಬುರಗಿಯಲ್ಲಿ ಹೆಚ್ಚು ನಿಲ್ಲಲಿಲ್ಲ. ಕೋಟೆಯೊಳಗಿನ 1367ರ ಜಾಮಿಯಾ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಇಡೀ ಮಸೀದಿಗೆ ಮೇಲ್ಛಾವಣಿ. ಕಮಾನುಗಳ ಸಾಲು ನೋಡುತ್ತಾ ಉಮ್ಮ ಕಾಲುನೋವು ಮರೆತರು.

ನಾಲ್ಕನೇ ದಿನ ಬೀದರ್. ಸಂದಿಗೊಂದಿಗಳ ನಡುವೆ ಒಮ್ಮೆಲೇ ಆ ಮದ್ರಸ ಎದುರಾಯಿತು. ಮುಂಭಾಗದ ಎರಡು ಮಿನಾರಗಳಲ್ಲಿ ಉಳಿದಿರುವುದು ಒಂದೇ. ಔರಂಗಝೇಬನ ಕಾಲದಲ್ಲಿ ಒಳಗೆ ಮದ್ದು ತುಂಬಿಟ್ಟಿದ್ದರಂತೆ. 17ನೇ ಶತಮಾನದ ಕೊನೆಯಲ್ಲಿ ಅದು ಸಿಡಿದು ಒಂದು ಪಾರ್ಶ್ವವೇ ಕುಸಿಯಿತು. ಉಳಿದ ಗೋಡೆಯಲ್ಲಿ ನೀಲಿ, ಹಳದಿ, ಹಸಿರು ಹೆಂಚಿನ ಚೂರುಗಳು ಇನ್ನೂ ಹೊಳೆಯುತ್ತವೆ. ಅಬ್ಬ ಕನ್ನಡಕ ಒರೆಸಿಕೊಂಡು ಅರಬಿ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಲು ನೋಡಿದರು. ಕೊನೆಗೆ ಜಗಲಿಯ ಮೇಲೆ ಕುಳಿತರು. ಬಹಳ ಹೊತ್ತು ಮಾತಿಲ್ಲ.

"ನೀನು ಬಿ.ಎ.ಯಲ್ಲಿ ಯಾವ ವಿಷಯ ಓದಿದ್ದು?" ಅಬ್ಬ ಮಿನಾರ ನೋಡುತ್ತಲೇ ಕೇಳಿದರು.

ನನ್ನ ಗಂಟಲು ಕಟ್ಟಿತು. "ಚರಿತ್ರೆ" ಎಂದೆ.

"ಹಾಗಾದರೆ ಇದರ ಚರಿತ್ರೆ ಹೇಳು."

ಹೇಳಿದೆ. ಇರಾನಿನ ಗಿಲಾನ್‌ನಿಂದ ಬಂದ ವರ್ತಕ ಗವಾನ್ ಬಹಮನಿ ರಾಜ್ಯದ ಪ್ರಧಾನಿಯಾದದ್ದು, 1472ರಲ್ಲಿ ಇದನ್ನು ಕಟ್ಟಿಸಿದ್ದು, ಗ್ರಂಥಾಲಯ, ಮಸೀದಿ, ಉಸ್ತಾದರ ಮನೆಗಳು, ವಿದ್ಯಾರ್ಥಿಗಳ ಕೋಣೆಗಳು ಎಲ್ಲ ಇದರೊಳಗೇ ಇದ್ದದ್ದು. ವೈರಿಗಳು ಸೃಷ್ಟಿಸಿದ ಸುಳ್ಳು ಪತ್ರವನ್ನು ನಂಬಿ ಸುಲ್ತಾನ 1481ರಲ್ಲಿ ಅವರನ್ನು ಕೊಲ್ಲಿಸಿದ್ದು. ಕುರ್‌ಆನ್ ಜೊತೆಗೆ ಖಗೋಳವನ್ನೂ ಗಣಿತವನ್ನೂ ಕಲಿಸುತ್ತಿದ್ದರು ಎಂದಾಗ ಅಬ್ಬ ನನ್ನ ಕಡೆ ತಿರುಗಿದರು.

"ಗಣಿತವೂ ಇತ್ತಾ?"

"ಇತ್ತು ಅಬ್ಬಾ" ಎಂದೆ. ಅದೇ ಉಸಿರಿನಲ್ಲಿ ಮೈಸೂರಿನ ವಿಷಯವನ್ನೂ ಹೇಳಿಬಿಟ್ಟೆ. ಸೀಟು, ಫೀಸು, ಉಳಿದಿರುವ ಆರು ದಿನ, ಎಲ್ಲ. ಮಗಳು ದೂರದಲ್ಲಿ ಗೋಡೆಯ ಹೆಂಚು ನೋಡುವವಳಂತೆ ನಮಗೆ ಬೆನ್ನು ಹಾಕಿ ನಿಂತಿದ್ದಳು.

ಅಬ್ಬ ಊರುಗೋಲನ್ನು ನೆಲಕ್ಕೆ ಎರಡು ಸಲ ಮೆಲ್ಲಗೆ ಕುಟ್ಟಿದರು.

"ಹಾಸ್ಟೆಲ್ ಕಾಲೇಜಿನ ಕಂಪೌಂಡ್ ಒಳಗೇ ಇದೆಯಾ, ಹೊರಗಾ?"