‘ತುಳಸಿದಳ’ ಅರ್ಧಕ್ಕೇ ಬಿಟ್ಟೆ

ಹಾರರ್ ಅಂದರೆ ನನಗೆ ಇಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ‘ಹೆದರಿ ಬಿಟ್ಟಿರಬೇಕು’ ಅಂತ ನೀವು ನಗಬಹುದು. ಲೈಟ್ ಆರಿಸಿ, ಹೆಡ್‌ಫೋನ್ ಹಾಕಿಕೊಂಡು, ಒಬ್ಬನೇ ಕೂತು ದೆವ್ವದ ಸಿನಿಮಾ ನೋಡುವ ಗಿರಾಕಿ ನಾನು.

ಬೆಂಗಳೂರಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಹಾರರ್ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ಒಂದು ಹೆಸರು ಹೇಳಿಯೇ ಹೇಳುತ್ತಾರೆ: ಯಂಡಮೂರಿ ವೀರೇಂದ್ರನಾಥ್ ಅವರ ‘ತುಳಸಿದಳ’. ಜೊತೆಗೆ ಒಂದು ಕಥೆಯೂ ಬರುತ್ತದೆ. ಒಬ್ಬರ ಅಮ್ಮ ಅದನ್ನು ಓದಿ ವಾರಗಟ್ಟಲೆ ರಾತ್ರಿ ಹಿತ್ತಲ ಬಾಗಿಲು ತೆಗೆಯಲಿಲ್ಲವಂತೆ. ಇನ್ನೊಬ್ಬರ ಚಿಕ್ಕಮ್ಮ ಪುಸ್ತಕವನ್ನು ದೇವರ ಕೋಣೆಯಲ್ಲಿಟ್ಟು ಮಲಗುತ್ತಿದ್ದರಂತೆ. ಇಷ್ಟೆಲ್ಲ ಕೇಳಿದ ಮೇಲೆ ಸುಮ್ಮನಿರಲಾದೀತೆ? ಕೊಂಡುಕೊಂಡೆ. ದೀಪಾವಳಿ ರಜೆಗೆ ಊರಿಗೆ ಹೋಗುವಾಗ ಬ್ಯಾಗಿಗೆ ಹಾಕಿಕೊಂಡೆ. ಅಮಾವಾಸ್ಯೆ ರಾತ್ರಿ, ಹಳೇ ಮನೆ, ಜೋಳದ ಚೀಲಗಳ ಪಕ್ಕದ ಹಾಸಿಗೆ. ಹೆದರಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಸಿಗುವುದಿಲ್ಲ.

ಹೆದರಿಕೆ ಬರಲಿಲ್ಲ. ಎರಡನೇ ದಿನ ಅರ್ಧಕ್ಕೆ ಮುಚ್ಚಿಟ್ಟೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ತುಳಸಿ ಎಂಬ ಪುಟ್ಟ ಹುಡುಗಿ. ಆಸ್ತಿಯ ಆಸೆಗೆ ಅವಳ ಮೇಲೆ ಮಾಟ ಮಾಡಿಸುತ್ತಾರೆ. ಮಗು ನರಳುತ್ತದೆ. ಒಂದು ಕಡೆ ಡಾಕ್ಟರುಗಳು, ಇನ್ನೊಂದು ಕಡೆ ಮಂತ್ರವಾದಿಗಳು, ನಡುವೆ ಅಪ್ಪ ಅಮ್ಮ. 1980ರ ದಶಕದ ಆರಂಭದಲ್ಲಿ ತೆಲುಗಿನ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ಇದು. ಕನ್ನಡಕ್ಕೆ ಬಂದ ಮೇಲೆ ಇಲ್ಲಿಯದೇ ಎನ್ನುವಷ್ಟು ಮನೆಮಾತಾಯಿತು. 1985ರಲ್ಲಿ ಕನ್ನಡದಲ್ಲಿ ಸಿನಿಮಾನೂ ಬಂತು. ಇದೇ ಲೇಖಕರ ಕಥೆ ಹತ್ತು ವರ್ಷದ ನಂತರ ‘ಬೆಳದಿಂಗಳ ಬಾಲೆ’ ಆಯಿತು, ಅದನ್ನಂತೂ ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಹಾಗಾಗಿ ಲೇಖಕರ ಮೇಲೆ ನನಗೆ ಸಿಟ್ಟಿಲ್ಲ.

ನಿರಾಸೆಗೆ ಒಂದು ಕಾರಣ ಸರಳ. ವಾರಕ್ಕೊಂದು ಕಂತು ಓದುವವರಿಗಾಗಿ ಬರೆದದ್ದನ್ನು ನಾನು ಒಂದೇ ಸಮನೆ ಓದುತ್ತಿದ್ದೆ. ಪ್ರತಿ ಕಂತಿನ ಕೊನೆಗೆ ಒಂದು ಕೊಕ್ಕೆ ಇರುತ್ತದೆ. ವಾರವಿಡೀ ಕಾಯುವವರಿಗೆ ಅದು ಜೀವ ಹಿಂಡುತ್ತಿತ್ತು. ಒಟಿಟಿಯಲ್ಲಿ ‘ನೆಕ್ಸ್ಟ್ ಎಪಿಸೋಡ್’ ಒತ್ತಿ ಅಭ್ಯಾಸವಾದ ನಮಗೆ ಹತ್ತನೇ ಕೊಕ್ಕೆಯ ಹೊತ್ತಿಗೆ ಅದು ಗೊತ್ತಿರುವ ಆಟ ಅನ್ನಿಸುತ್ತದೆ. ಅವ್ವನಿಗೆ ಹೇಳಿದರೆ, “ಆಗ ನಮ್ಮ ಕಡೆ ಟಿವಿ ಎಲ್ಲಿತ್ತೋ? ಕರೆಂಟ್ ಹೋದ್ರ ಕಂದೀಲ ಹಚ್ಚಿ ಓದತಿದ್ವಿ. ಹೆದರಿಕಿ ಅರ್ಧ ಪುಸ್ತಕದ್ದು, ಅರ್ಧ ಕತ್ತಲಿದು” ಅಂದಳು. ಅದೂ ಸರಿ.

ಆದರೆ ಬೋರಾಯಿತು ಅಂತ ನಾನು ಪುಸ್ತಕ ಬಿಡುವವನಲ್ಲ. ಬಿಡಿಸಿದ್ದು ಬೇರೆ.

ನಮ್ಮೂರು ಸಿರಸಂಗಿ, ಸವದತ್ತಿ ತಾಲ್ಲೂಕು. ಕಾಳಿಕಾದೇವಿ ಗುಡಿಯ ಊರು. ಇಲ್ಲಿ ಹುಟ್ಟಿದವರಿಗೆ ಮೊದಲ ಹಾರರ್ ಕಥೆ ಗುಡಿಯಿಂದಲೇ ಸಿಗುತ್ತದೆ. ಋಷ್ಯಶೃಂಗ ಮುನಿಯ ಯಜ್ಞ ಕೆಡಿಸುತ್ತಿದ್ದ ರಾಕ್ಷಸರನ್ನು ಕಾಳವ್ವ ಒಬ್ಬೊಬ್ಬನನ್ನಾಗಿ ಕೊಂದಳಂತೆ. ಅವರ ಹೆಸರಿನಿಂದಲೇ ನವಲಗುಂದ, ನರಗುಂದ, ಹಿರೇಕುಂಬಿ, ಚಿಕ್ಕುಂಬಿ ಊರುಗಳಾದವಂತೆ. ಬಸ್ಸಿನ ಬೋರ್ಡ್ ಓದಲು ಕಲಿತ ವಯಸ್ಸಿನಲ್ಲಿ ‘ನರಗುಂದ’ ಅಂತ ಕಂಡರೆ ನನಗೆ ಕೋರೆಹಲ್ಲು ಕಾಣಿಸುತ್ತಿತ್ತು. ಆಯಿ ಹೇಳುತ್ತಿದ್ದಳು, “ರಾಕ್ಷಸರೆಲ್ಲಾ ಸತ್ತು ಊರಾಗ್ಯಾರ. ಈಗ ಇರೋರು ಬರೇ ಮಂದಿ.”

ಆ ಮಾತನ್ನು ಅವಳು ಸುಮ್ಮನೆ ಹೇಳುತ್ತಿರಲಿಲ್ಲ. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬಾಕೆ ಇದ್ದಳು. ಗಂಡ ಇಲ್ಲ, ಮಕ್ಕಳಿಲ್ಲ, ಎರಡು ಎಮ್ಮೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಓಣಿಯ ಒಬ್ಬ ಹುಡುಗನಿಗೆ ಜ್ವರ ಬಂದು ಇಳಿಯಲಿಲ್ಲ. ರಾತ್ರಿಯೆಲ್ಲ ಬಡಬಡಿಸುತ್ತಿದ್ದ. ಮೂರನೇ ದಿನಕ್ಕೆ ಅವರ ಹೊಸ್ತಿಲ ಹತ್ತಿರ ಒಂದು ಲಿಂಬೆಹಣ್ಣು ಸಿಕ್ಕಿತು. ಅಷ್ಟೇ ಸಾಕಾಯಿತು. “ಯಾರೋ ಮಾಡಿಸ್ಯಾರ” ಅಂದರು. ಸಂಜೆ ಹೊತ್ತಿಗೆ ‘ಯಾರೋ’ ಎಂಬುದಕ್ಕೆ ಒಂದು ಹೆಸರು ಬಂದಿತ್ತು. ಆಕೆಯ ಹತ್ತಿರ ಹಾಲು ಕೊಳ್ಳುವುದು ನಿಂತಿತು. ಒಂದು ರಾತ್ರಿ ಯಾರೋ ಹೆಂಚಿನ ಮೇಲೆ ಕಲ್ಲು ಒಗೆದರು.

ಹುಡುಗನಿಗೆ ಆಗಿದ್ದು ಟೈಫಾಯ್ಡ್. ಆಸ್ಪತ್ರೆಗೆ ಹಾಕಿದ ಮೇಲೆ ಗುಣವಾಗಿ, ಮತ್ತೆ ನಮ್ಮ ಜೊತೆ ಗೋಲಿ ಆಡಿದ. ಆದರೆ ‘ಅದು ಟೈಫಾಯ್ಡ್ ಆಗಿತ್ತವ್ವಾ’ ಅಂತ ಹೇಳಲು ಆಕೆಯ ಮನೆಗೆ ಯಾರೂ ಹೋಗಲಿಲ್ಲ. ಆಯಿ ಮಾತ್ರ ದಿನಾ ನನ್ನ ಕೈಯಲ್ಲಿ ತಂಬಿಗೆ ಕೊಟ್ಟು ಅಲ್ಲಿಗೇ ಹಾಲಿಗೆ ಕಳಿಸುತ್ತಿದ್ದಳು, ಎಲ್ಲರಿಗೂ ಕಾಣುವ ಹಾಗೆ, ಹಾಡಹಗಲೇ. ಮುಂದಿನ ವರ್ಷ ಆಕೆ ಎಮ್ಮೆ ಮಾರಿ ತಮ್ಮನ ಊರಿಗೆ ಹೋದಳು. ಮನೆಗೆ ಬೀಗ ಬಿತ್ತು.

ಪುಸ್ತಕದ ಮಗು ನರಳುವಾಗ ನನಗೆ ನೆನಪಾಗಿದ್ದು ಆ ಹೆಂಚಿನ ಸದ್ದು. ಕಾದಂಬರಿಯಲ್ಲಿ ಮಾಟ ಮಾಡಿಸಿದವರು ನಿಜವಾಗಿಯೂ ಇದ್ದಾರೆ, ಕಥೆ ನಡೆಯಲು ಅವರು ಬೇಕು. ಓಣಿಯಲ್ಲಿ ಅಂಥವರು ಇರುವುದಿಲ್ಲ, ಆದರೆ ಕಥೆ ಅದೇ ಇರುತ್ತದೆ. ಹಾಗಾಗಿ ಖಾಲಿ ಜಾಗಕ್ಕೆ ಒಬ್ಬರನ್ನು ಹುಡುಕುತ್ತಾರೆ. ಸಿಗುವುದು ಯಾವಾಗಲೂ ಹಿಂದೆ ಮುಂದೆ ಯಾರೂ ಇಲ್ಲದವರು. ‘ಏನಾಗಿದೆ’ ಅಂತ ಕೇಳಬೇಕಾದ ಕಡೆ ‘ಯಾರು ಮಾಡಿಸಿದ್ದು’ ಅಂತ ಕೇಳಿದರೆ ಆಗುವುದೇ ಇದು.

ನಮ್ಮ ಕೆಲಸದಲ್ಲಿ ಸರ್ವರ್ ಬಿದ್ದರೆ ಮರುದಿನ ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್ ಅಂತ ಮಾಡುತ್ತೇವೆ. ಯಾರು ತಪ್ಪು ಮಾಡಿದರು ಅಂತ ಕೇಳುವ ಹಾಗಿಲ್ಲ, ಏನು ಕೆಟ್ಟಿತು, ಯಾಕೆ ಕೆಟ್ಟಿತು ಅಂತಷ್ಟೇ ಕೇಳಬೇಕು. ಯಾಕೆಂದರೆ ಒಬ್ಬ ಮನುಷ್ಯ ಸಿಕ್ಕ ತಕ್ಷಣ ಎಲ್ಲರೂ ಹುಡುಕುವುದನ್ನು ನಿಲ್ಲಿಸುತ್ತಾರೆ. ನಿಜವಾದ ಬಗ್ ಅಲ್ಲೇ ಉಳಿಯುತ್ತದೆ. ಟೈಫಾಯ್ಡ್ ತಂದ ನೀರು ಆ ವರ್ಷ ಎಲ್ಲಿಂದ ಬಂತು ಅಂತ ನಮ್ಮ ಓಣಿಯಲ್ಲಿ ಯಾರೂ ಕೇಳಲಿಲ್ಲ.

‘ಇದೆಲ್ಲ ಹಳೇ ಕಾಲದ್ದು’ ಅಂತ ಅನ್ನಿಸಬಹುದು. ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳ ವಿರುದ್ಧದ ಮಸೂದೆಗೆ ನಮ್ಮ ವಿಧಾನಸಭೆ ಒಪ್ಪಿಗೆ ಕೊಟ್ಟದ್ದು 2017ರ ನವೆಂಬರಿನಲ್ಲಿ, ಅದೂ ನಮ್ಮ ಜಿಲ್ಲೆಯ ಬೆಳಗಾವಿ ಅಧಿವೇಶನದಲ್ಲೇ. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ನನ್ನ ಬಿಇ ಮುಗಿದ ಮೇಲಿನ ಮಾತು ಇದು. ಕಾನೂನು ಬೇಕಾಯಿತು ಅಂದರೆ ಕಥೆ ಇನ್ನೂ ನಡೆಯುತ್ತಿದೆ ಅಂತಲೇ ಅರ್ಥ.

‘ತುಳಸಿದಳ’ ಓದಬೇಡಿ ಅಂತ ನಾನು ಹೇಳುತ್ತಿಲ್ಲ. ಕಥೆಯನ್ನು ಕಥೆಯಾಗಿ ಓದಿ ರೋಮಾಂಚನಗೊಂಡ ಸಾವಿರಾರು ಜನರಿದ್ದಾರೆ, ನಮ್ಮವ್ವ ಸೇರಿ. ಕೊನೆಗೆ ಎಲ್ಲಕ್ಕೂ ಉತ್ತರ ಸಿಗುತ್ತದೆ, ಮುಗಿಸು ಅಂತ ಗೆಳೆಯರು ಹೇಳುತ್ತಾರೆ. ಇರಬಹುದು. ಫ್ರಾನ್ಸಿನ ಲೇಖಕ ದಾನಿಯೆಲ್ ಪೆನ್ನಾಕ್ 1992ರಲ್ಲಿ ಓದುಗರಿಗೆ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿಕೊಟ್ಟರು. ಅದರಲ್ಲಿ ಮೂರನೆಯದು ಪುಸ್ತಕ ಮುಗಿಸದೇ ಇರುವ ಹಕ್ಕು. ನಾನು ಅದನ್ನು ಬಳಸಿಕೊಂಡೆ, ಅಷ್ಟೇ.

ಪುಸ್ತಕವನ್ನು ಅರ್ಧಕ್ಕೆ ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಆದರೆ ಒಂದು ದಿನ ನಿಮ್ಮ ಫ್ಯಾಮಿಲಿ ಗ್ರೂಪಿನಲ್ಲಿ “ಆ ಮನೆಯಾಕಿನೇ ಏನೋ ಮಾಡಿಸಿದಂಗೈತಿ” ಅಂತ ಒಂದು ವಾಯ್ಸ್ ಮೆಸೇಜ್ ಬಂದರೆ, ಆ ಕಥೆಯನ್ನೂ ಅರ್ಧಕ್ಕೇ ನಿಲ್ಲಿಸಿ. “ಡಾಕ್ಟರ್ ಏನಂದ್ರು?” ಅಂತ ಒಂದು ಸಾಲು ಟೈಪ್ ಮಾಡಿದರೂ ಸಾಕು.